ಸಾಲು ಬೇರೆ, ಸರದಿ ಬೇರೆ

ನಮ್ಮ ಲ್ಯಾಬಿನಲ್ಲಿ ಇಂಟರ್ನೆಟ್ ನಿಧಾನ ಎಂಬ ದೂರು ಹಳೆಯದು. ಈ ವರ್ಷ ಅದು ಜೋರಾಗಲು ಕಾರಣವಿದೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಾಲೇಜಿನಲ್ಲೇ ತುಂಬಿಸುವ ಏರ್ಪಾಡು ಆಗಿರುವುದರಿಂದ ಸೈಬರ್ ಅಂಗಡಿಗೆ ಕೊಡುತ್ತಿದ್ದ ದುಡ್ಡು ಉಳಿಯುತ್ತಿದೆ. ಇದಕ್ಕೆ ನಮ್ಮ ಉಪನ್ಯಾಸಕರಿಗೆ ಶುಕ್ರಿಯಾ ಹೇಳಲೇಬೇಕು. ಆದರೆ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತದೆ ಎಂದು ಅಲ್ಲಿ ಕೂತವರಿಗೆಲ್ಲ ಗೊತ್ತು. ಒಟಿಪಿ ಬರುತ್ತದೆ, ಟೈಪ್ ಮಾಡುತ್ತೇವೆ, ಬಟನ್ ಒತ್ತುತ್ತೇವೆ, ಚಕ್ರ ತಿರುಗುತ್ತಲೇ ಇರುತ್ತದೆ. ಒಟಿಪಿಯ ಅವಧಿ ಮುಗಿದು ಮತ್ತೆ ಮೊದಲಿನಿಂದ ಶುರು. ಆದಾಯ ಪ್ರಮಾಣಪತ್ರದ ಸ್ಕ್ಯಾನ್ ಅರ್ಧ ಹೋಗಿ ನಿಂತು, ಮೂರು ದಿನ ಬಂದು ಹೋದವರೂ ಇದ್ದಾರೆ. ಆ ಹಣ ನಂಬಿಕೊಂಡು ಮುಂದಿನ ವರ್ಷದ ಫೀಸಿನ ಲೆಕ್ಕ ಹಾಕುವ ಮನೆಗಳಿಗೆ ಇದು ತಮಾಷೆಯ ವಿಷಯವಲ್ಲ.

ಈಗ ಮೂರು ಪರಿಹಾರಗಳು ಕಾರಿಡಾರಿನಲ್ಲಿ ಓಡಾಡುತ್ತಿವೆ. ಒಂದು, ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಳ್ಳುವುದು. ಎರಡು, ವೈಫೈಯಿಂದ ಎಲ್ಲರ ಮೊಬೈಲ್ ತೆಗೆದುಹಾಕಿ ಯೂಟ್ಯೂಬ್ ಬಂದ್ ಮಾಡುವುದು. ಮೂರನೆಯದು, ಸಿಇಟಿ ಮತ್ತು ನೀಟ್ ಮಾಕ್ ಟೆಸ್ಟ್ ಬರೆಯುವ ಸೈನ್ಸ್ ವಿಭಾಗಕ್ಕೆ ಬೇರೆ ಪಾಸ್‌ವರ್ಡ್ ಕೊಟ್ಟು ಮೊದಲ ಜಾಗ ಕೊಡುವುದು. ಈ ಮೂರನೆಯದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಮೊದಲ ಎರಡಕ್ಕೆ ಕೈಹಾಕುವ ಮುನ್ನ ಮಾಡಬೇಕಾದ, ಖರ್ಚೇ ಇಲ್ಲದ ಒಂದು ಕೆಲಸವಿದೆ. ರೂಟರಿನೊಳಗಿನ ಸಾಲನ್ನು ಸರಿಪಡಿಸುವುದು.

ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ ಎಂದು ಕೇಳಬಹುದು. ಇದು ಪೂರ್ತಿ ಸ್ಟಾಕು, ಗೋದಾಮು, ಬಾಕಿ ವಸೂಲಿಯ ವಿಷಯವೇ. ತಾಂತ್ರಿಕ ಹೆಸರುಗಳು ಮಾತ್ರ ಬೇರೆ.

ನಾವು ಕಳಿಸುವುದೆಲ್ಲ ಇಂಟರ್ನೆಟ್ಟಿನಲ್ಲಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್. ಲ್ಯಾಬಿನೊಳಗಿನ ತಂತಿ ಅಗಲ, ಹೊರಗಿನ ದೊಡ್ಡ ಜಾಲವೂ ಅಗಲ, ನಡುವೆ ನಮ್ಮ ಕನೆಕ್ಷನ್ ಕಿರಿದು. ಜುಮಾ ನಮಾಜ್ ಮುಗಿದ ಕೂಡಲೇ ಗೇಟಿನ ಹತ್ತಿರ ಆಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕಿರಿದಾದ ಬಾಗಿಲಿನ ಮುಂದೆ ಪ್ಯಾಕೆಟ್‌ಗಳು ಕಾಯುವ ಜಾಗಕ್ಕೆ ಬಫರ್ ಎನ್ನುತ್ತಾರೆ. ಬಫರ್ ತುಂಬಿದರೆ ಆಮೇಲೆ ಬಂದ ಪ್ಯಾಕೆಟ್ಟನ್ನು ರೂಟರ್ ಸುಮ್ಮನೆ ಎಸೆದುಬಿಡುತ್ತದೆ. ಕಳಿಸಿದವರಿಗೆ ಸ್ವೀಕೃತಿ ಬರುವುದಿಲ್ಲ, ಅವರು ಅದನ್ನು ಮತ್ತೆ ಕಳಿಸುತ್ತಾರೆ.

ಎಸೆಯುವುದು ಕೆಟ್ಟದ್ದು, ಹಾಗಾದರೆ ಬಫರ್ ದೊಡ್ಡದಿದ್ದರೆ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುತ್ತದೆ. ಮೆಮೊರಿ ಅಗ್ಗವಾದ ಮೇಲೆ ರೂಟರ್ ಮಾಡುವವರಿಗೂ ಹಾಗೇ ಅನ್ನಿಸಿತು. ಈಗ ಲೆಕ್ಕ ನೋಡಿ. ರೂಟರಿನ ಬಫರ್ 2,50,000 ಬೈಟ್ ಎಂದುಕೊಳ್ಳೋಣ. ಅಂದರೆ 20 ಲಕ್ಷ ಬಿಟ್. ಹೊರಗೆ ಕಳಿಸುವ ವೇಗ 1 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 10 ಲಕ್ಷ ಬಿಟ್. ಆ ಬಫರ್ ತುಂಬಿದ್ದರೆ ಕೊನೆಯಲ್ಲಿ ನಿಂತ ಪ್ಯಾಕೆಟ್ 2 ಸೆಕೆಂಡ್ ಕಾಯಬೇಕು. ಅದರ ಮುಂದೆ ಸುಮಾರು 166 ದೊಡ್ಡ ಪ್ಯಾಕೆಟ್‌ಗಳಿರುತ್ತವೆ. 2 ಸೆಕೆಂಡ್ ಏನು ಮಹಾ ಎನ್ನಬೇಡಿ. ಒಂದು ಸುರಕ್ಷಿತ ವೆಬ್ ಪುಟ ತೆರೆಯಲು ವಿಳಾಸ ಹುಡುಕುವುದು, ಸಂಪರ್ಕ ಕಟ್ಟುವುದು, ಗುಪ್ತಲಿಪಿಯ ಒಪ್ಪಂದ ಮಾಡಿಕೊಳ್ಳುವುದು, ಪುಟ ಕೇಳುವುದು ಹೀಗೆ ನಾಲ್ಕು ಸಲವಾದರೂ ಹೋಗಿ ಬರಬೇಕು. ಮೊದಲ ಅಕ್ಷರ ಕಾಣುವುದರೊಳಗೆ 8 ಸೆಕೆಂಡ್ ಹೋಯಿತು. ಇದಕ್ಕೆ ಇಡೀ ಲ್ಯಾಬ್ ಸಿನಿಮಾ ನೋಡುತ್ತಿರಬೇಕಾಗಿಲ್ಲ. ಯಾರದೋ ಜೇಬಿನಲ್ಲಿರುವ ಒಂದು ಫೋನ್, ಮಾಲೀಕನಿಗೇ ಗೊತ್ತಿಲ್ಲದೆ, ಮದುವೆಯ ಫೋಟೋಗಳನ್ನು ಬ್ಯಾಕಪ್ ಮಾಡುತ್ತಿದ್ದರೆ ಸಾಕು.

2010ರ ಸುಮಾರಿಗೆ ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ ತಮ್ಮ ಮನೆಯ ಕನೆಕ್ಷನ್ನಿನಲ್ಲೇ ಇದನ್ನು ಕಂಡು, ಹಿಂದೆ ಬಿದ್ದು ಹುಡುಕಿ, ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಫರಿನ ಹೊಟ್ಟೆಯುಬ್ಬರ. ತಿಂದದ್ದು ಮುಂದಕ್ಕೆ ಹೋಗುತ್ತಿಲ್ಲ, ಒಳಗೇ ಕೂತಿದೆ.

ದೊಡ್ಡ ಪ್ಲಾನ್ ತೆಗೆದುಕೊಂಡರೆ ಇದು ಹೋಗುವುದಿಲ್ಲವೇ? ಪೂರ್ತಿ ಹೋಗುವುದಿಲ್ಲ. ಫೈಲ್ ಕಳಿಸುವ ಕಂಪ್ಯೂಟರ್ ಅನುಸರಿಸುವ ಟಿಸಿಪಿ ಎಂಬ ನಿಯಮದ ಸ್ವಭಾವವೇ ಹಾಗೆ. ಪ್ಯಾಕೆಟ್ ಕಳೆದುಹೋಗುವವರೆಗೂ ಅದು ವೇಗವನ್ನು ಹೆಚ್ಚಿಸುತ್ತ ಹೋಗುತ್ತದೆ, ಕಳೆದದ್ದು ಗೊತ್ತಾದಾಗ ತಗ್ಗಿಸುತ್ತದೆ. ಹಾಗಾಗಿ ಬಾಗಿಲು ಎಷ್ಟೇ ಅಗಲವಾದರೂ ದೊಡ್ಡ ಫೈಲ್ ಹೋಗುತ್ತಿರುವಷ್ಟು ಹೊತ್ತು ಬಫರ್ ತುಂಬುವುದೇ. ಹೊಸ ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟು ನಾವು ಉಬ್ಬರದ ಅವಧಿಯನ್ನು ಕಡಿಮೆ ಮಾಡಿಕೊಳ್ಳುತ್ತೇವೆ, ಅಷ್ಟೇ.

ಟಿಸಿಪಿ ಹೀಗೆ ತಗ್ಗಿ ನಡೆಯಲು ಕಲಿತದ್ದಕ್ಕೂ ಒಂದು ಚರಿತ್ರೆ ಇದೆ. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವಿನ ದೂರ ಸುಮಾರು 400 ಗಜ. ಚೀಟಿ ಬರೆದು ನಡೆದುಕೊಂಡು ಹೋಗಿ ಕೊಟ್ಟಿದ್ದರೆ ಬೇಗ ಆಗುತ್ತಿತ್ತು. ತಂತಿ ತುಂಡಾಗಿರಲಿಲ್ಲ. ಉತ್ತರ ಬಾರದ ಕಂಪ್ಯೂಟರ್‌ಗಳು ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸಿ, ಮೊದಲೇ ತುಂಬಿದ ದಾರಿಯನ್ನು ಇನ್ನೂ ತುಂಬಿಸಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕರೆಲ್ಸ್ ಕಂಡುಕೊಂಡ ಪರಿಹಾರ ಹೊಸ ತಂತಿ ಎಳೆಯುವುದಲ್ಲ, ಕಳಿಸುವವರು ದಾರಿ ನೋಡಿ ನಡೆಯುವಂತೆ ಮಾಡುವುದು. 1988ರಲ್ಲಿ ಪ್ರಕಟವಾದ ಅವರ ವಿಧಾನದ ಮೇಲೆಯೇ ಇಂದಿಗೂ ಇಂಟರ್ನೆಟ್ ನಿಂತಿದೆ.

ಆದರೆ ಅದರಲ್ಲಿ ಒಂದು ಒರಟುತನ ಉಳಿಯಿತು. ದಾರಿ ತುಂಬಿದೆ ಎಂದು ತಿಳಿಸಲು ರೂಟರಿಗೆ ಇದ್ದ ಒಂದೇ ಭಾಷೆ ಎಸೆಯುವುದು. ಅಕೌಂಟೆನ್ಸಿಯವರಿಗೆ ಬೇಗ ಅರ್ಥವಾಗುವಂತೆ ಹೇಳುತ್ತೇನೆ. ಖಾತೆಯಲ್ಲಿ ಹಣ ಕಡಿಮೆಯಾಗುತ್ತಿದೆ ಎಂದು ಬ್ಯಾಂಕ್ ಒಂದು ಮೆಸೇಜ್ ಕಳಿಸಬಹುದು. ಅಥವಾ ಏನೂ ಹೇಳದೆ, ಒಂದು ದಿನ ಚೆಕ್ ಬೌನ್ಸ್ ಮಾಡಿ ತಿಳಿಸಬಹುದು. ಎರಡರಿಂದಲೂ ನಮಗೆ ಬುದ್ಧಿ ಬರುತ್ತದೆ, ಎರಡನೆಯದರಲ್ಲಿ ದಂಡವೂ ಬೀಳುತ್ತದೆ. ಪ್ಯಾಕೆಟ್ ಎಸೆದಾಗ ಹೆಚ್ಚು ದಂಡ ತೆರುವವರು ದೊಡ್ಡ ಫೈಲಿನವರಲ್ಲ. ಅವರ ಹಿಂದೆಯೇ ಇನ್ನಷ್ಟು ಪ್ಯಾಕೆಟ್‌ಗಳು ಬರುತ್ತಿರುವುದರಿಂದ ಕಳೆದದ್ದು ಬೇಗ ಗೊತ್ತಾಗಿ ಮತ್ತೆ ಕಳಿಸಲ್ಪಡುತ್ತದೆ. ನಮ್ಮ ಒಟಿಪಿಯಂತಹ ಒಂದೆರಡು ಪ್ಯಾಕೆಟ್‌ನ ಸಂದೇಶದಲ್ಲಿ ಕೊನೆಯದು ಕಳೆದರೆ ಹಿಂದೆ ಬಂದು ಸುಳಿವು ಕೊಡುವವರು ಯಾರೂ ಇಲ್ಲ. ಗಡಿಯಾರ ನೋಡಿಕೊಂಡು ಸುಮ್ಮನೆ ಕಾಯಬೇಕು. ತುಂಬಿಸಿದವನು ಒಬ್ಬ, ದಂಡ ಕಟ್ಟುವವನು ಇನ್ನೊಬ್ಬ.

ಎಸೆಯುವ ಬದಲು ಗುರುತು ಹಾಕುವ ಯೋಚನೆ ಬಂದದ್ದು ಇಲ್ಲಿಂದ. 1980ರ ದಶಕದಲ್ಲೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್, ಸಾಲು ಬೆಳೆಯುತ್ತಿರುವಾಗ ರೂಟರ್ ಪ್ಯಾಕೆಟ್ಟಿನ ಮೇಲೆ ಒಂದೇ ಒಂದು ಬಿಟ್ಟನ್ನು ಹೊತ್ತಿಸಿ ಕಳಿಸಿದರೆ ಸಾಕು ಎಂದು ತೋರಿಸಿದರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಎಂದು ನಮ್ಮ ಪೈಕಿ ಎಷ್ಟು ಜನಕ್ಕೆ ಗೊತ್ತು? ಸ್ಯಾಲಿ ಫ್ಲಾಯ್ಡ್ ಅವರು 1994ರಲ್ಲಿ ಈ ಯೋಚನೆಯನ್ನು ಟಿಸಿಪಿಗೆ ಹೊಂದಿಸುವ ಬಗ್ಗೆ ಬರೆದರು. ರಾಮಕೃಷ್ಣನ್, ಫ್ಲಾಯ್ಡ್ ಮತ್ತು ಡೇವಿಡ್ ಬ್ಲ್ಯಾಕ್ ಸೇರಿ 2001ರಲ್ಲಿ ಇದನ್ನು ಇಂಟರ್ನೆಟ್ಟಿನ ನಿಯಮವಾಗಿ ಬರೆದಿಟ್ಟರು. ಇಸಿಎನ್ ಎಂದು ಅದರ ಹೆಸರು.

ಕೆಲಸ ಸರಳ. ಪ್ರತಿ ಪ್ಯಾಕೆಟ್ಟಿನ ಮುಂಭಾಗದಲ್ಲಿ, ಲಕೋಟೆಯ ಮೇಲೆ ವಿಳಾಸ ಬರೆದಂತೆ, ಮಾಹಿತಿ ಇರುತ್ತದೆ. ಅಲ್ಲಿ ಎರಡು ಬಿಟ್ ಇದಕ್ಕಾಗಿ ಮೀಸಲು. 'ನನಗೆ ಗುರುತು ಅರ್ಥವಾಗುತ್ತದೆ' ಎನ್ನುವ ಕಂಪ್ಯೂಟರ್ ಅಲ್ಲಿ 10 ಅಥವಾ 01 ಎಂದು ಬರೆದು ಕಳಿಸುತ್ತದೆ. ದಾರಿಯಲ್ಲಿ ದಟ್ಟಣೆ ಶುರುವಾಗಿದ್ದರೆ ರೂಟರ್ ಅದನ್ನು 11 ಎಂದು ತಿದ್ದುತ್ತದೆ. ಪ್ಯಾಕೆಟ್ ಏನೂ ಆಗದೆ ಊರು ಸೇರುತ್ತದೆ. ಪಡೆದವರು ಗುರುತು ನೋಡಿ ಕಳಿಸಿದವರಿಗೆ ತಿಳಿಸುತ್ತಾರೆ, ಕಳಿಸುವವರು ವೇಗ ತಗ್ಗಿಸುತ್ತಾರೆ. ಎರಡೂ ಸೊನ್ನೆ ಇದ್ದರೆ ಆ ಕಂಪ್ಯೂಟರಿಗೆ ಗುರುತಿನ ಭಾಷೆ ಬರುವುದಿಲ್ಲ ಎಂದರ್ಥ, ಅದಕ್ಕೆ ಹಳೆಯ ಭಾಷೆಯೇ ಗತಿ. ಗುರುತು ಹಾಕಿಸಿಕೊಂಡೂ ತಗ್ಗದೆ ನುಗ್ಗುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಬಫರ್ ನಿಜವಾಗಿಯೂ ತುಂಬಿದರೆ ಅವರ ಪ್ಯಾಕೆಟ್ಟೂ ಹೊರಗೆ ಬೀಳುತ್ತದೆ.

ಇಷ್ಟು ಒಳ್ಳೆಯದು ಯಾಕೆ ಎಲ್ಲ ಕಡೆ ಕೂಡಲೇ ಬರಲಿಲ್ಲ ಎಂದರೆ, ಆರಂಭದ ವರ್ಷಗಳಲ್ಲಿ ದಾರಿಯಲ್ಲಿದ್ದ ಕೆಲವು ಹಳೆಯ ಉಪಕರಣಗಳು ಈ ಹೊಸ ಬಿಟ್‌ಗಳನ್ನು ಕಂಡು ಗಾಬರಿಬಿದ್ದು ಸಂಪರ್ಕವನ್ನೇ ಕಡಿಯುತ್ತಿದ್ದವು. ಹಾಗಾಗಿ ತಯಾರಕರು ಅದನ್ನು ಮುಚ್ಚಿಯೇ ಇಟ್ಟರು. 2015ರಲ್ಲಿ ಆಪಲ್ ತನ್ನ ಫೋನ್‌ಗಳಲ್ಲಿ ಬಳಕೆಗೆ ತರಲು ಆರಂಭಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಗುರುತು ಯಾವಾಗ ಹಾಕಬೇಕು ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. 1993ರಲ್ಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ ರೆಡ್ ಎಂಬ ವಿಧಾನ ಕೊಟ್ಟರು. ಸಾಲಿನ ಸರಾಸರಿ ಉದ್ದ ನೋಡಿ, ಬೆಳೆದಂತೆ ಹೆಚ್ಚು ಹೆಚ್ಚು ಪ್ಯಾಕೆಟ್‌ಗಳನ್ನು ಚೀಟಿ ಎತ್ತಿದಂತೆ ಆರಿಸಿ ಎಚ್ಚರಿಸುವುದು. ಹೆಚ್ಚು ಕಳಿಸುವವರ ಚೀಟಿಗಳೇ ಡಬ್ಬಿಯಲ್ಲಿ ಹೆಚ್ಚು ಇರುವುದರಿಂದ ಎಚ್ಚರಿಕೆಯೂ ಅವರಿಗೇ ಹೆಚ್ಚು ತಲುಪುತ್ತದೆ. ಆದರೆ ಎಷ್ಟು ಉದ್ದವಾದರೆ ಹೆಚ್ಚು ಎಂಬ ಅಂಕಿಗಳನ್ನು ಪ್ರತಿ ಕನೆಕ್ಷನ್ನಿಗೂ ಹೊಂದಿಸಬೇಕಿತ್ತು. ಆ ತಲೆನೋವು ಬೇಡವೆಂದು ಬಹಳ ಜನ ಅದನ್ನು ಆನ್ ಮಾಡಲೇ ಇಲ್ಲ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಕೋಡೆಲ್ ಎಂಬ ಬೇರೆ ವಿಧಾನ ತಂದರು. ಅದು ಸಾಲಿನ ಉದ್ದ ಅಳೆಯುವುದೇ ಇಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿತು ಎಂದು ಅಳೆಯುತ್ತದೆ. 100 ಮಿಲಿಸೆಕೆಂಡ್‌ಗಳ ಅವಧಿಯಲ್ಲಿ ಒಮ್ಮೆಯೂ ಕಾಯುವಿಕೆ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಎಚ್ಚರಿಕೆ ಕೊಡಲು ಶುರು ಮಾಡುತ್ತದೆ. ಗೋದಾಮಿನಲ್ಲಿ ಎಷ್ಟು ಮೂಟೆ ಇದೆ ಎನ್ನುವುದಲ್ಲ, ಮೂಟೆ ಎಷ್ಟು ದಿನದಿಂದ ಕೂತಿದೆ ಎನ್ನುವುದು ಮುಖ್ಯ. ಬಾಕಿದಾರರ ಪಟ್ಟಿಯಲ್ಲೂ ಒಟ್ಟು ಮೊತ್ತಕ್ಕಿಂತ ಬಾಕಿ ಎಷ್ಟು ಹಳೆಯದು ಎಂದು ನೋಡುವುದು ಇದೇ ಬುದ್ಧಿಯಿಂದ.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. ನಮ್ಮ ಮನೆಯ ಉರ್ದುವಿನಲ್ಲಿ ಕ್ಯೂಗೆ ಖತಾರ್ ಅನ್ನುತ್ತೇವೆ, ನಮ್ಮ ಪಾಳಿಗೆ ಬಾರಿ ಅನ್ನುತ್ತೇವೆ. ಕನ್ನಡದಲ್ಲಿ ಸಾಲು ಮತ್ತು ಸರದಿ. 'ಸರದಿ ಸಾಲು' ಎಂದು ಜೋಡಿಸಿ ಬೋರ್ಡು ಬರೆಯುವ ಅಭ್ಯಾಸದಿಂದ ಎರಡೂ ಒಂದೇ ಅನ್ನಿಸಿಬಿಟ್ಟಿದೆ. ಒಂದೇ ಸಾಲಿದ್ದರೆ, ನೂರು ಮೂಟೆ ತಂದವನ ಹಿಂದೆ ಒಂದು ಚೀಟಿ ಹಿಡಿದವನು ನೂರೂ ಮೂಟೆ ಮುಗಿಯುವವರೆಗೆ ನಿಲ್ಲಬೇಕು. ಸರದಿ ಎಂದರೆ ಪ್ರತಿಯೊಬ್ಬರಿಗೂ ಒಂದೊಂದು ಪಾಳಿ. ಮೂಟೆಯವನದು ಒಂದು ಮೂಟೆ, ಆಮೇಲೆ ಚೀಟಿಯವನದು, ಮತ್ತೆ ಮೂಟೆಯವನದು. ಚೀಟಿಯವನು ಕ್ಷಣದಲ್ಲಿ ಮನೆಗೆ ಹೋಗುತ್ತಾನೆ, ಮೂಟೆಯವನಿಗೆ ಒಂದು ಕ್ಷಣ ಮಾತ್ರ ತಡವಾಗುತ್ತದೆ. ಕೋಡೆಲ್ ಜೊತೆಗೆ ಈ ಸರದಿಯನ್ನು ಸೇರಿಸಿದ್ದೇ ಎಫ್‌ಕ್ಯೂ-ಕೋಡೆಲ್. ರೂಟರಿನೊಳಗಿನ ಒಂದು ಉದ್ದ ಸಾಲನ್ನು ಅದು ಸಾಮಾನ್ಯವಾಗಿ 1024 ಸಣ್ಣ ಸಾಲುಗಳಾಗಿ ಒಡೆದು ಪಾಳಿ ಹಚ್ಚುತ್ತದೆ, ಹೊಸದಾಗಿ ಬಂದ ಸಣ್ಣ ಸಂಪರ್ಕಕ್ಕೆ ಮೊದಲು ದಾರಿ ಬಿಡುತ್ತದೆ. ಇದು ಲಿನಕ್ಸ್‌ನಲ್ಲಿ ಉಚಿತವಾಗಿ ಇದೆ. ಇದೇ ಬಗೆಯ ಇನ್ನೊಂದು ವಿಧಾನ, ಎಫ್‌ಕ್ಯೂ-ಪೈ, 2020ರಲ್ಲಿ ಲಿನಕ್ಸ್‌ನ 5.6ನೇ ಆವೃತ್ತಿಗೆ ಸೇರಿತು. ಅದನ್ನು ಸೇರಿಸಿದ್ದು ನಮ್ಮ ಸುರತ್ಕಲ್‌ನ ಎನ್‌ಐಟಿಕೆಯವರು.

ಇಷ್ಟು ತಿಳಿದ ಮೇಲೆ ಸೈನ್ಸ್‌ಗೆ ಪ್ರತ್ಯೇಕ ಪಾಸ್‌ವರ್ಡ್ ಎಂಬ ಸಲಹೆಯನ್ನು ಮತ್ತೆ ನೋಡಿ. ಮಾಕ್ ಟೆಸ್ಟಿನ ಉತ್ತರ ಒತ್ತುವುದೂ ಸಣ್ಣ ಚೀಟಿ, ವಿದ್ಯಾರ್ಥಿವೇತನದ ಅರ್ಜಿಯೂ ಸಣ್ಣ ಚೀಟಿ. ಆರ್ಟ್ಸ್ ವಿಭಾಗದ ಹುಡುಗಿಯ ಅರ್ಜಿಯೂ ಅಷ್ಟೇ ಸಣ್ಣದು. ಸರದಿ ಹಚ್ಚಿದರೆ ಮೂರೂ ಒಟ್ಟಿಗೆ ದಾಟುತ್ತವೆ. ವಿಭಾಗ ನೋಡಿ ಮೊದಲ ಜಾಗ ಕೊಟ್ಟರೆ ಸೈನ್ಸ್‌ನ ಒಬ್ಬರ ಸಿನಿಮಾ ಡೌನ್‌ಲೋಡ್ ಕಾಮರ್ಸ್‌ನವರ ಒಟಿಪಿಗಿಂತ ಮುಂದೆ ನಿಲ್ಲುತ್ತದೆ, ಅಲ್ಲದೆ ಅದೇ ಡೌನ್‌ಲೋಡ್ ಪಕ್ಕದಲ್ಲಿ ಕೂತ ಇನ್ನೊಬ್ಬ ಸೈನ್ಸ್ ವಿದ್ಯಾರ್ಥಿಯ ಟೆಸ್ಟನ್ನೂ ತಡೆಯುತ್ತದೆ! ಡಾಟಾ ದರದಲ್ಲಿ ವಿಷಯ ನೋಡಿ ತಾರತಮ್ಯ ಮಾಡಬಾರದೆಂದು ಟ್ರಾಯ್ 2016ರ ಫೆಬ್ರುವರಿಯಲ್ಲೇ ಕಂಪನಿಗಳಿಗೆ ನಿಯಮ ಮಾಡಿದೆ. ಕಾಲೇಜಿನ ವೈಫೈಗೆ ಆ ನಿಯಮ ಅನ್ವಯಿಸದೆ ಇರಬಹುದು, ಅದರ ಹಿಂದಿನ ನ್ಯಾಯ ನಮಗೂ ಒಪ್ಪುವಂಥದ್ದು.

ನ್ಯಾಯವನ್ನು ಅಳೆಯಲೂ ಬರುತ್ತದೆ. ಮೇಲೆ ಹೇಳಿದ ರಾಜ್ ಜೈನ್ ಮತ್ತು ಅವರ ಸಂಗಡಿಗರು 1984ರಲ್ಲಿ ಕೊಟ್ಟ ಸೂತ್ರವಿದೆ: ಎಲ್ಲರ ಪಾಲನ್ನು ಕೂಡಿಸಿ ವರ್ಗ ಮಾಡಿ, ಅದನ್ನು ಪಾಲುಗಳ ವರ್ಗಗಳ ಮೊತ್ತ ಮತ್ತು ಜನಸಂಖ್ಯೆಯ ಗುಣಲಬ್ಧದಿಂದ ಭಾಗಿಸುವುದು. 20 ಎಂಬಿಪಿಎಸ್‌ನಲ್ಲಿ ಐದು ಕಂಪ್ಯೂಟರ್‌ಗಳಿಗೆ ತಲಾ 4 ಸಿಕ್ಕರೆ ಉತ್ತರ 1. ಒಂದೇ ಕಂಪ್ಯೂಟರ್ 16 ನುಂಗಿ ಉಳಿದವಕ್ಕೆ ತಲಾ 1 ಸಿಕ್ಕರೆ 400ನ್ನು 1300ರಿಂದ ಭಾಗಿಸಬೇಕು, ಸುಮಾರು 0.31. ಸ್ಟ್ಯಾಟಿಸ್ಟಿಕ್ಸ್ ಓದುವವರು ಒಂದು ಪೀರಿಯಡ್‌ನಲ್ಲಿ ನಮ್ಮ ಲ್ಯಾಬಿನ ಅಂಕಿ ತೆಗೆದುಕೊಡಬಹುದು.

ಮೊಬೈಲ್ ಬಂದ್ ಮಾಡುವ ಸಲಹೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿಸ್ತಿನ ಕಾರಣಕ್ಕೆ ಮಾಡುವುದಾದರೆ ಅದು ಪ್ರಾಂಶುಪಾಲರ ತೀರ್ಮಾನ. ವೇಗದ ಕಾರಣಕ್ಕೆ ಬೇಕಾಗಿಲ್ಲ. ಯಾರು ಏನು ನೋಡುತ್ತಿದ್ದಾರೆ ಎಂದು ಇಣುಕುವ ಸಾಫ್ಟ್‌ವೇರ್ ಕೂಡ ಬೇಕಾಗಿಲ್ಲ. ಪಾಳಿ ಹಚ್ಚುವ ರೂಟರ್ ಲಕೋಟೆಯ ಹೊರಗಿನ ವಿಳಾಸ ನೋಡುತ್ತದೆಯೇ ಹೊರತು ಕಾಗದ ಬಿಚ್ಚುವುದಿಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಇಲ್ಲದ ವೇಗವನ್ನು ಇದು ಹುಟ್ಟಿಸುವುದಿಲ್ಲ. ನಿಜವಾಗಿಯೂ ಅರವತ್ತು ಜನ ಒಟ್ಟಿಗೆ ವಿಡಿಯೋ ಪಾಠ ನೋಡುವ ದಿನ ಬಂದರೆ ದೊಡ್ಡ ಪ್ಲಾನೇ ಬೇಕು. ಕೆಲವು ಡೌನ್‌ಲೋಡ್ ಆ್ಯಪ್‌ಗಳು ಒಂದೇ ಕೆಲಸಕ್ಕೆ ಇಪ್ಪತ್ತು ಸಂಪರ್ಕ ತೆರೆದು ಇಪ್ಪತ್ತು ಪಾಳಿ ಹೊಡೆದುಕೊಳ್ಳುತ್ತವೆ. ಒಬ್ಬನೇ ಇಪ್ಪತ್ತು ರೇಷನ್ ಕಾರ್ಡ್ ಹಿಡಿದು ನಿಂತಂತೆ. ಇದಕ್ಕೂ ಮದ್ದಿದೆ. 2018ರಲ್ಲಿ ಲಿನಕ್ಸ್‌ಗೆ ಸೇರಿದ, ಕೇಕ್ ಎಂಬ ಬಾಯಲ್ಲಿ ನೀರೂರಿಸುವ ಹೆಸರಿನ ವಿಧಾನ ಸಂಪರ್ಕದ ಲೆಕ್ಕದಲ್ಲಲ್ಲದೆ ಕಂಪ್ಯೂಟರ್‌ನ ಲೆಕ್ಕದಲ್ಲಿ ಪಾಳಿ ಕೊಡಬಲ್ಲದು. ಇನ್ನೊಂದು ಮುಖ್ಯ ಸಂಗತಿ, ಸಾಲು ನಮ್ಮ ರೂಟರಿನಲ್ಲೇ ನಿಲ್ಲಬೇಕು, ಕಂಪನಿಯ ಮೋಡೆಮ್‌ನಲ್ಲಲ್ಲ. ಅದಕ್ಕಾಗಿ ನಮ್ಮ ರೂಟರಿನ ವೇಗವನ್ನು ಕನೆಕ್ಷನ್ನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ, ನೂರಕ್ಕೆ ತೊಂಬತ್ತರಷ್ಟು, ಇಡಬೇಕಾಗುತ್ತದೆ. ಹತ್ತು ಭಾಗ ಬಿಟ್ಟುಕೊಡುವುದು ಲಾಭದ ವ್ಯಾಪಾರವೇ.

ನಾನು ಕೇಳುವುದು ಒಂದು ವಾರದ ಪರೀಕ್ಷೆ. ಲ್ಯಾಬಿನಲ್ಲಿ ಬದಿಗಿಟ್ಟಿರುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಒಂದಕ್ಕೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಅದೇ ರೂಟರ್ ಆಗುತ್ತದೆ. ಕೇಕ್ ಮತ್ತು ಎಫ್‌ಕ್ಯೂ-ಕೋಡೆಲ್ ಎರಡೂ ಅದರಲ್ಲಿ ಸಿಗುತ್ತವೆ, ಎರಡೂ ಎಸೆಯುವ ಮೊದಲು ಗುರುತು ಹಾಕಲು ಬಲ್ಲವು. ಮೊದಲು ಈಗಿನ ಸ್ಥಿತಿಯಲ್ಲಿ ಒಂದು ಕಂಪ್ಯೂಟರಿನಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತ, ಇನ್ನೊಂದರಲ್ಲಿ ಪಿಂಗ್ ಹಾಕಿ ಎಷ್ಟು ಮಿಲಿಸೆಕೆಂಡ್ ಬರುತ್ತದೆ ಎಂದು ಬರೆದಿಡುವುದು. ಬದಲಾಯಿಸಿದ ಮೇಲೆ ಅದನ್ನೇ ಮತ್ತೆ ಮಾಡಿ ಎರಡೂ ಅಂಕಿಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕುವುದು. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಸೈನ್ಸ್‌ನವರೂ ಸಿಇಬಿಎಯ ನಾವೂ ಸೇರಿದರೆ ಒಂದು ಶನಿವಾರ ಮಧ್ಯಾಹ್ನದ ಕೆಲಸ. ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚಿನ ಶನಿವಾರವಾದರೆ ಒಳ್ಳೆಯದು.